ಬಿಕ್ಕಳಿಸುವ ಫ್ರಿಜ್

ಫ್ರಿಜ್‌ನ (ನಾವು ಊರೂರು ಸುತ್ತುವ ಕ್ಯಾರವಾನ್ ಗಾಡಿಯೊಳಗಿನದು) ಪುಟ್ಟ ಪರದೆಯ ಮೇಲೆ ‘ಎಫ್1’ ಎಂಬ ಸೂಚನೆ ಮೊದಲ ಸಲ ಕಾಣಿಸಿಕೊಂಡದ್ದು ಶೃಂಗೇರಿಯಲ್ಲಿ, ಆರಿದ್ರಾ ಮಳೆ ಹಿಡಿದು ಬಿಡದಿದ್ದ ಒಂದು ಬೆಳಗಿನ ಜಾವ. ಒಳಗೆ ಅಪ್ಪನ ಇನ್ಸುಲಿನ್, ಎರಡು ಲೀಟರ್ ಹಾಲು, ಅಮ್ಮ ಮೂರು ದಿನ ನೀರು ಬದಲಿಸಿ ನೆನೆಸಿ ತಂದಿದ್ದ ಕಳಲೆ. ಒಳಗಿನ ಉಷ್ಣತೆ 13 ಡಿಗ್ರಿ. ಹಾಲು ಒಡೆದರೆ ಕಾಫಿಗೆ ಹೋಟೆಲ್ ಇದೆ, ಕಳಲೆ ಹಾಳಾದರೆ ಅಮ್ಮನ ಮುನಿಸು ಎರಡು ದಿನದ್ದು. ಇನ್ಸುಲಿನ್ ವಿಷಯ ಹಾಗಲ್ಲ. ತೆರೆಯದ ಬಾಟಲಿಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು, ಹೆಪ್ಪುಗಟ್ಟಲೂ ಬಾರದು. ಅಂದು ಒಂದು ಔಷಧ ಅಂಗಡಿಯವರನ್ನು ಕೇಳಿಕೊಂಡು, ಅವರ ಫ್ರಿಜ್‌ನಲ್ಲಿ ಬಾಟಲಿಗಳನ್ನು ಇರಿಸಿ ದೇವಸ್ಥಾನಕ್ಕೆ ಹೋದೆವು.

ಎಫ್1 ಎಂದರೆ, ಕೈಪಿಡಿಯ ಪ್ರಕಾರ, ವೋಲ್ಟೇಜ್ ಕಡಿಮೆ. ನಾನು ಅದನ್ನು ‘ಬ್ಯಾಟರಿ ಕೆಟ್ಟಿದೆ’ ಎಂದು ಓದಿಕೊಂಡೆ. ಮುಂದಿನ ಒಂದು ತಿಂಗಳು ಪಟ್ಟ ಪಾಡೆಲ್ಲ ಈ ಓದಿನ ಫಲ.

ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಕ್ಯಾರವಾನ್ ಎಂದೊಡನೆ ನಮ್ಮಲ್ಲಿ ಸಿನಿಮಾ ನಟರು ಚಿತ್ರೀಕರಣದ ನಡುವೆ ಕೂರುವ ಹವಾನಿಯಂತ್ರಿತ ವಾಹನ ಕಣ್ಣ ಮುಂದೆ ಬರುತ್ತದೆ. ನಮ್ಮದು ಒಂದು ಹಳೆಯ ಟೆಂಪೊ ಟ್ರಾವೆಲರ್. ಹಿಂದಿನ ಸೀಟುಗಳನ್ನು ಕಳಚಿ ಹಲಸಿನ ಹಲಗೆಯ ಎರಡು ಮಂಚ, ಒಂದು ಗ್ಯಾಸ್ ಒಲೆ, ಹಿಂಬಾಗಿಲ ಪಕ್ಕ ಮರದ ಪೆಟ್ಟಿಗೆಯೊಳಗೆ 45 ಲೀಟರ್‌ನ ಫ್ರಿಜ್. ಎಂಜಿನ್‌ನ ಬ್ಯಾಟರಿ ಬೇರೆ. ದೀಪ, ಫ್ಯಾನ್, ಫ್ರಿಜ್‌ಗೆಂದು ಚಾಲಕನ ಸೀಟಿನ ಹಿಂದೆ 100 ಎಎಚ್‌ನ ಇನ್ನೊಂದು ಟ್ಯೂಬ್ಯುಲರ್ ಬ್ಯಾಟರಿ (ಎಎಚ್ ಎಂದರೆ ಆಂಪಿಯರ್ ಅವರ್, ಬ್ಯಾಟರಿಯಲ್ಲಿ ಎಷ್ಟು ಹಿಡಿಸುತ್ತದೆ ಎಂಬ ಅಳತೆ). ಮಾಡಿನ ಮೇಲೆ 160 ವ್ಯಾಟ್‌ನ ಸೌರಫಲಕ. ಹೀಗೆ ಮಾರ್ಪಡಿಸಿಕೊಂಡಿದ್ದವರಿಂದಲೇ ಕಳೆದ ದೀಪಾವಳಿಯ ಹೊತ್ತಿಗೆ ಕೊಂಡೆವು. ಚಳಿಗಾಲ, ಬೇಸಿಗೆ ಎರಡರಲ್ಲೂ ಫ್ರಿಜ್ ಒಂದು ದಿನವೂ ತಕರಾರು ಮಾಡಲಿಲ್ಲ.

ಫ್ರಿಜ್ ಇನ್ವರ್ಟರ್ ಇಲ್ಲದೆ ನೇರವಾಗಿ 12 ವೋಲ್ಟ್‌ನಲ್ಲಿ ನಡೆಯುವ ಕಂಪ್ರೆಸರ್ ಮಾದರಿಯದು. ಓಡುವಾಗ 4ರಿಂದ 5 ಆಂಪಿಯರ್ ಎಳೆಯುತ್ತದೆ. ವಿದೇಶದ ಕ್ಯಾರವಾನ್‌ಗಳಲ್ಲಿ ಅನಿಲದ ಉರಿಯಿಂದ ತಂಪು ಮಾಡುವ ಫ್ರಿಜ್ ಕೂಡ ಇರುತ್ತದೆ. ಅದು ಸರಿಯಾಗಿ ನಡೆಯಲು ಗಾಡಿ ಹೆಚ್ಚುಕಡಿಮೆ ಸಮತಟ್ಟಾಗಿ ನಿಂತಿರಬೇಕು. ಮಲೆನಾಡಿನಲ್ಲಿ ಸಮತಟ್ಟು ಜಾಗ ಸಿಕ್ಕರೆ ಅದರಲ್ಲಿ ಆಗಲೇ ಗದ್ದೆ ಇರುತ್ತದೆ, ಗಾಡಿ ನಿಲ್ಲಿಸಲು ಬಿಡುವವರು ಯಾರು?

ಈಗ ನನ್ನ ಮೊದಲ ಜಾಣತನದ ಕಥೆ. ಈ ಬಗೆಯ ಫ್ರಿಜ್‌ಗಳಲ್ಲಿ ಬ್ಯಾಟರಿಯನ್ನು ಕಾಯುವ ಮೂರು ಮಟ್ಟಗಳಿರುತ್ತವೆ: ಎಚ್, ಎಂ, ಎಲ್. ನನ್ನದರಲ್ಲಿ ‘ಎಚ್’ ಇಟ್ಟರೆ 11.1 ವೋಲ್ಟ್‌ಗೆ ಇಳಿದೊಡನೆ ಕಂಪ್ರೆಸರ್ ನಿಲ್ಲುತ್ತದೆ, 12.4ಕ್ಕೆ ಏರಿದ ಮೇಲೆ ಮತ್ತೆ ಹೊರಡುತ್ತದೆ. ‘ಎಲ್’ ಇಟ್ಟರೆ 8.5ರವರೆಗೆ ನಡೆಯುತ್ತದೆ. ವೋಲ್ಟೇಜ್ ಸಾಲದು ಎಂದು ಫ್ರಿಜ್ ಗೊಣಗುತ್ತಿದೆಯಲ್ಲ, ಗೊಣಗುವ ಮಟ್ಟವನ್ನೇ ಇಳಿಸಿದರಾಯಿತು ಎಂದು ಶೃಂಗೇರಿಯಲ್ಲೇ ‘ಎಲ್’ಗೆ ತಿರುಗಿಸಿದೆ. ಎಫ್1 ಮಾಯವಾಯಿತು. ಸಂಜೆಯೊಳಗೆ 5 ಡಿಗ್ರಿ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಹೊರನಾಡಿಗೆ ಹೊರಟೆ.

ಹೊರನಾಡಿನಲ್ಲಿ ಎರಡು ರಾತ್ರಿ. ಸೂರ್ಯನ ಮುಖ ಕಾಣಲಿಲ್ಲ. ಮೂರನೆಯ ಬೆಳಿಗ್ಗೆ ಗಾಡಿಯೊಳಗಿನ ದೀಪ ಚಿಮಣಿ ಬುಡ್ಡಿಯಂತೆ ಕೆಂಪಾಗಿತ್ತು. ಎಲ್ಲವನ್ನೂ ಆರಿಸಿ ಎರಡು ಗಂಟೆ ಬಿಟ್ಟು ಅಳೆದರೂ ಬ್ಯಾಟರಿ 11.4 ವೋಲ್ಟ್. ಸೀಸ ಮತ್ತು ಆಮ್ಲದ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ತೋರಿಸಿದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 11.8 ಎಂದರೆ ಹೆಚ್ಚುಕಡಿಮೆ ಬರಿದು. 11.4 ಎಂದರೆ ತಳ ಕೆರೆದದ್ದು. ಮನೆಗೆ ಬಂದ ಕೂಡಲೇ ಅದನ್ನು ಚಾರ್ಜ್‌ಗೆ ಹಾಕಬೇಕಿತ್ತು. ಆದರೆ ಆ ವಾರ ಮಳೆ ನಾಲ್ಕು ಗಂಟೆ ಬಿಡುವು ಕೊಟ್ಟಿದ್ದೇ ಹೆಚ್ಚು. ಅಡಿಕೆಗೆ ಕೊಳೆರೋಗ ಬರುವ ಮುನ್ನ ತೋಟಕ್ಕೆ ಬೋರ್ಡೊ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಹೊಡೆಸುವ ಗಡಿಬಿಡಿಯಲ್ಲಿ ಬ್ಯಾಟರಿಯನ್ನು ಮರೆತೆ. ಬರಿದಾದ ಸೀಸದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಅದರೊಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ.

ಎರಡನೆಯ ಜಾಣತನ ಇನ್ನೂ ದುಬಾರಿ. ಶಿವಮೊಗ್ಗಕ್ಕೆ ಹೋಗಿ ಹತ್ತು ಸಾವಿರ ರೂಪಾಯಿಗೂ ಮೀರಿ ಕೊಟ್ಟು 100 ಎಎಚ್‌ನ ಹೊಸ ಸೀಲ್ಡ್ ಬ್ಯಾಟರಿ ತಂದೆ. ಈ ಸಲ ಬುದ್ಧಿವಂತನಾಗಿ ಫ್ರಿಜ್ ಅನ್ನು ‘ಎಚ್’ ಮಟ್ಟಕ್ಕೇ ಮರಳಿಸಿದೆ. ಎರಡೇ ದಿನ. ಮನೆಯ ಅಂಗಳದಲ್ಲಿ ನಿಂತಿದ್ದ ಗಾಡಿಯಲ್ಲಿ, ಹೊಚ್ಚ ಹೊಸ ಬ್ಯಾಟರಿಯ ಮೇಲೆ, ಮತ್ತೆ ಎಫ್1.

ಸುಳಿವು ಕೊಟ್ಟವಳು ಅಮ್ಮ. ಅಂದು ಸಂಜೆ ಮಳೆ ಹೊಳವಾಗಿತ್ತು. ಜಗುಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅಮ್ಮ, “ನಿನ್ನ ಫ್ರಿಜ್ ಬಿಕ್ಕಳಿಸುತ್ತಿದೆ ನೋಡು, ಯಾರೋ ನೆನೆಸಿಕೊಳ್ಳುತ್ತಿರಬೇಕು” ಎಂದಳು. ಹೋಗಿ ಕಿವಿಗೊಟ್ಟೆ. ಕಂಪ್ರೆಸರ್ ಹತ್ತು ಸೆಕೆಂಡು ಗುರುಗುಟ್ಟಿತು, ನಿಂತಿತು. ಒಂದು ನಿಮಿಷದಷ್ಟು ಮೌನ. ಮತ್ತೆ ಹತ್ತು ಸೆಕೆಂಡು. ಮತ್ತೆ ಮೌನ. ಇಷ್ಟು ದಿನ ತಗಡಿನ ಮಾಡಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದಿನಲ್ಲಿ ಇದು ಕೇಳಿಸಿಯೇ ಇರಲಿಲ್ಲ.

ನಿಜವಾಗಿ ಬರಿದಾದ ಬ್ಯಾಟರಿ ಹೀಗೆ ಮಾಡುವುದಿಲ್ಲ. ಅದು 11.1ಕ್ಕೆ ಇಳಿದರೆ ಒಂದು ನಿಮಿಷದ ವಿಶ್ರಾಂತಿಯಲ್ಲಿ 12.4ಕ್ಕೆ ಮರಳಿ ಏರುವುದು ಕನಸಿನ ಮಾತು. ಹಾಗಾದರೆ ಫ್ರಿಜ್‌ಗೆ ಒಂದು ಕ್ಷಣ 12.4 ಕಾಣುತ್ತಿದೆ, ಮರುಕ್ಷಣ 11 ಕಾಣುತ್ತಿದೆ. ಮಧ್ಯದಲ್ಲಿ ಏನೋ ಇದೆ.

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುತ್ತಿರುವ ಅಕ್ಕನ ಮಗ ಭಾನುವಾರ ಬಂದ. ನಾನು ಬ್ಯಾಟರಿಯ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು “ನೋಡು, 12.6 ಇದೆ, ಬ್ಯಾಟರಿಗೆ ಏನೂ ಆಗಿಲ್ಲ” ಎಂದೆ. ಅವನು ಇಣುಕಿ ನೋಡಿ, “ಮಾವ, ಕೆಲಸ ಮಾಡುವುದು ಫ್ರಿಜ್ ಅಲ್ಲವೇ? ಅಲ್ಲಿ ಎಷ್ಟಿದೆ ನೋಡಿದ್ದೀರಾ? ಅದೂ ಓಡುತ್ತಿರುವಾಗ?” ಎಂದು ಕೇಳಿದ. ನೋಡಿರಲಿಲ್ಲ.

ತೋಟದಲ್ಲಿ ಜೆಟ್ (ತಿರುಗುತ್ತಾ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಹಾಕಿಸಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಗುಡ್ಡದ ಮೇಲೆ ಟ್ಯಾಂಕು ತುಂಬಿದೆ. ಪೈಪಿನ ಕೊನೆಯ ವಾಲ್ವ್ ಮುಚ್ಚಿದ್ದಾಗ ಅಲ್ಲಿ ಒತ್ತಡ ಪೂರ್ತಿ ಇರುತ್ತದೆ. ವಾಲ್ವ್ ತೆರೆದು ನೀರು ಹರಿಯತೊಡಗಿದೊಡನೆ, ಪೈಪು ಸಣ್ಣದಿದ್ದರೆ ಅಥವಾ ನಡುವೆ ಎಲ್ಲೋ ಕಸ ಕಟ್ಟಿದ್ದರೆ, ಕೊನೆಯ ಜೆಟ್ ತಿರುಗುವುದಿಲ್ಲ. ಟ್ಯಾಂಕಿನಲ್ಲಿ ಇಣುಕಿ ನೋಡಿ ‘ನೀರಿದೆ’ ಎಂದು ಎಷ್ಟು ಸಲ ಹೇಳಿದರೂ ಜೆಟ್ ತಿರುಗುವುದಿಲ್ಲ. ನಾನು ಒಂದು ತಿಂಗಳು ಮಾಡಿದ್ದು ಟ್ಯಾಂಕು ಇಣುಕುವ ಕೆಲಸವನ್ನೇ. ಕೊನೆಗೆ ಹೊಸ ಟ್ಯಾಂಕನ್ನೂ ಕೊಂಡುಬಿಟ್ಟಿದ್ದೆ.

ಅಳತೆ ಶುರುವಾಯಿತು. ಫ್ರಿಜ್‌ನ ಮಟ್ಟವನ್ನು ತಾತ್ಕಾಲಿಕವಾಗಿ ‘ಎಲ್’ಗೆ ಇಟ್ಟೆವು, ಅಳೆಯುವಷ್ಟು ಹೊತ್ತು ಅದು ನಿಲ್ಲದೆ ಓಡಲಿ ಎಂದು. ಈ ಒಂದು ಕೆಲಸಕ್ಕೆ ಮಾತ್ರ ‘ಎಲ್’ ನನಗೆ ಉಪಕಾರ ಮಾಡಿತು. ಸುಮಾರು 5 ಆಂಪಿಯರ್ ಹರಿಯುತ್ತಿದ್ದಾಗ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗಿದೆ:

ಬ್ಯಾಟರಿಯ ಟರ್ಮಿನಲ್‌ಗಳಲ್ಲಿ: 12.4 ವೋಲ್ಟ್
ಫ್ರಿಜ್‌ನ ಪ್ಲಗ್‌ನಲ್ಲಿ: 10.9 ವೋಲ್ಟ್
ಬ್ಯಾಟರಿಯ ಪ್ಲಸ್‌ನಿಂದ ಫ್ರಿಜ್‌ನ ಪ್ಲಸ್‌ವರೆಗೆ: 0.85
ಬ್ಯಾಟರಿಯ ಮೈನಸ್‌ನಿಂದ ಫ್ರಿಜ್‌ನ ಮೈನಸ್‌ವರೆಗೆ: 0.65

ಕೊನೆಯ ಎರಡು ಸಾಲುಗಳನ್ನು ಅಳೆಯುವ ವಿಧಾನವನ್ನು ಹುಡುಗ ತೋರಿಸಿಕೊಟ್ಟ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಡ್ಡಿ, ಉದ್ದನೆಯ ವೈರ್ ಸೇರಿಸಿ, ಫ್ರಿಜ್‌ನ ಪ್ಲಸ್‌ಗೆ. ಒಂದೇ ವೈರಿನ ಎರಡು ತುದಿಗಳು. ವೈರ್ ಚೆನ್ನಾಗಿದ್ದರೆ ಮೀಟರ್ ಸೊನ್ನೆಯ ಹತ್ತಿರ ತೋರಿಸಬೇಕು. ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು, ಇಲ್ಲದಿದ್ದರೆ ಎಂಥ ಕೆಟ್ಟ ವೈರ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ. ದಾರಿಯಲ್ಲಿ ಒಟ್ಟು ಒಂದೂವರೆ ವೋಲ್ಟ್ ಸೋರಿಹೋಗುತ್ತಿತ್ತು. ಕಂಪ್ರೆಸರ್ ನಿಂತಾಗ ಹರಿವಿಲ್ಲ, ಸೋರಿಕೆಯೂ ಇಲ್ಲ. ಫ್ರಿಜ್‌ಗೆ ಬ್ಯಾಟರಿಯ ಪೂರ್ತಿ 12.6 ಕಾಣಿಸುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ 10.9. ಇದೇ ಬಿಕ್ಕಳಿಕೆ.

ಹಲಗೆ ಬಿಚ್ಚಿದೆವು. ಮರಗೆಲಸ ಎಷ್ಟು ಅಚ್ಚುಕಟ್ಟೋ ಅದರ ಹಿಂದಿನ ವೈರಿಂಗ್ ಅಷ್ಟೇ ಬೇಕಾಬಿಟ್ಟಿ. ಬ್ಯಾಟರಿಯಿಂದ ಹಿಂಬಾಗಿಲಿಗೆ ಆರು ಮೀಟರ್ ದೂರ, ಬಂದಿದ್ದದ್ದು 1 ಚದರ ಮಿಲಿಮೀಟರ್‌ನ ಕೆಂಪು ವೈರ್. ಸ್ಪೀಕರ್‌ಗೆ ಸಾಕು. ನಡುವೆ ಒಂದು ಕಡೆ ತಿರುಚಿ ಟೇಪು ಸುತ್ತಿದ ಜೋಡಣೆ. ಫ್ಯೂಸ್ ಹೋಲ್ಡರ್‌ನ ಕಾಲುಗಳ ಮೇಲೆ ಹಸಿರು ನೀಲಿ ಪುಡಿ. ಮೈಲುತುತ್ತದ ಬಣ್ಣ ನೋಡಿ ನೋಡಿ ಬೇಸತ್ತ ವಾರದಲ್ಲಿ ಅದು ನನ್ನ ಗಾಡಿಯೊಳಗೂ ಹುಟ್ಟಿತ್ತು. ಫ್ರಿಜ್ ಸಿಕ್ಕಿಸುತ್ತಿದ್ದದ್ದು ಸಿಗರೇಟ್ ಲೈಟರ್ ಮಾದರಿಯ ಸಾಕೆಟ್‌ಗೆ. ಅದನ್ನು ಮುಟ್ಟಿದರೆ ಬಿಸಿ. ವಿದ್ಯುತ್ತು ಹೋಗಬೇಕಾದ ಜಾಗಕ್ಕೆ ಹೋಗದೆ ಅಲ್ಲೇ ಶಾಖವಾಗುತ್ತಿದೆ ಎಂಬುದಕ್ಕೆ ಮೀಟರೂ ಬೇಕಿರಲಿಲ್ಲ, ಬೆರಳು ಸಾಕಿತ್ತು.

ಮೈನಸ್‌ಗೆ ವೈರೇ ಇರಲಿಲ್ಲ. ಹಿಂಬಾಗಿಲ ಹತ್ತಿರ ಗಾಡಿಯ ಬಾಡಿಗೆ, ಎಂದರೆ ಅದರ ಲೋಹದ ಮೈಗೆ, ಒಂದು ಬೋಲ್ಟ್ ಹಾಕಿ ಅರ್ಥಿಂಗ್ ಕೊಟ್ಟಿದ್ದರು, ಅದೂ ಬಣ್ಣವನ್ನು ಕೆರೆಯದೆ. ಬೇಸಿಗೆಯಲ್ಲಿ ಅದು ಹೇಗೋ ನಡೆದಿತ್ತು. ಬಿಸಿಲಿದ್ದಾಗ ಸೌರಫಲಕ ಬ್ಯಾಟರಿಯನ್ನು 13ರ ಮೇಲೆ ಇಡುತ್ತಿದ್ದುದರಿಂದ ದಾರಿಯ ಸೋರಿಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಳೆಗಾಲ ಹಿಡಿದು ಚಕ್ರದ ನೀರು ಕೆಳಗಿನಿಂದ ಎರಚಿ ಎರಚಿ ಬೋಲ್ಟು ತುಕ್ಕಿನ ಮುದ್ದೆಯಾಗಿತ್ತು. ಸ್ಪ್ಯಾನರ್ ಹಾಕಿದರೆ ತಿರುಗಲಿಲ್ಲ, ಮುರಿದೇ ಬಂತು.

ವೈರ್ ತರಲು ಹೋದಾಗ ಅಂಗಡಿಯಲ್ಲಿ ಸಣ್ಣ ವಾದ. ನಾನು ‘ಸಿಕ್ಸ್ ಸ್ಕ್ವೇರ್’, ಎಂದರೆ 6 ಚದರ ಮಿ.ಮೀ. ವೈರ್, ಕೇಳಿದೆ. “ಫ್ರಿಜ್‌ಗೆ ತಾನೇ? ಟೂ ಪಾಯಿಂಟ್ ಫೈವ್ ಧಾರಾಳ ಸಾಕು ಸಾರ್” ಎಂದರು ಅಂಗಡಿಯವರು. ಮನೆಯ ಫ್ರಿಜ್‌ಗೆ ಅವರ ಮಾತು ಸರಿ. 60 ವ್ಯಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ ಕಾಲು ಆಂಪಿಯರ್ ಎಳೆದರೆ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ಅಲ್ಲದೆ 230ರಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ ಯಾರೂ ಕೇಳುವುದಿಲ್ಲ, 12ರಲ್ಲಿ ಅರ್ಧ ವೋಲ್ಟ್ ಎಂದರೆ, ಬ್ಯಾಟರಿ ಇಳಿದಿದ್ದಾಗ, ಫ್ರಿಜ್ ನಿಲ್ಲುವಷ್ಟು. ಹೋಗಿ ಬರುವ ದಾರಿ ಒಟ್ಟು 12 ಮೀಟರ್. 2.5 ಚದರ ಮಿ.ಮೀ. ತಾಮ್ರದ ಎಳೆವೈರಿಗೆ ಮೀಟರಿಗೆ ಸುಮಾರು 8 ಮಿಲಿ ಓಮ್ ತಡೆ; 5 ಆಂಪಿಯರ್‌ಗೆ ಅರ್ಧ ವೋಲ್ಟಿನ ಹತ್ತಿರ ಹೋಯಿತು. 6 ಚದರ ಮಿ.ಮೀ. ವೈರಿಗೆ ಮೀಟರಿಗೆ 3.3 ಮಿಲಿ ಓಮ್, ಹೋಗುವುದು 0.2 ವೋಲ್ಟ್. ಕೆಂಪು ಒಂದು, ಕಪ್ಪು ಒಂದು, ಎರಡನ್ನೂ ತಂದೆ. ಈ ಸಲ ಮೈನಸ್ ಕೂಡ ಬಾಡಿಯ ಹಂಗಿಲ್ಲದೆ ಬ್ಯಾಟರಿಯಿಂದ ಫ್ರಿಜ್‌ವರೆಗೆ ತನ್ನದೇ ವೈರಿನಲ್ಲಿ ಹೋಗಲಿ ಎಂದು.

ಕೆಲಸ ಒಂದು ದಿನದ್ದು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್. ಮೊದಲಿನದು ಫ್ರಿಜ್‌ನ ಪಕ್ಕದಲ್ಲಿತ್ತು. ಫ್ಯೂಸ್ ಇರುವುದು ವೈರನ್ನು ಕಾಯಲು. ಆರು ಮೀಟರ್ ವೈರು ಹಾದುಹೋದ ಮೇಲೆ ಫ್ಯೂಸ್ ಇಟ್ಟರೆ, ನಡುವೆ ಎಲ್ಲಾದರೂ ವೈರ್ ತಗಡಿಗೆ ಉಜ್ಜಿ ಬಾಡಿಗೆ ತಾಗಿದರೆ ಉರಿಯುವುದು ಹಲಸಿನ ಮಂಚ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬಳೆ. ತುದಿಗಳಿಗೆ ಲಗ್ (ಲೋಹದ ತುದಿ) ಹಾಕಿ ಕ್ರಿಂಪ್ ಮಾಡಿ (ಒತ್ತಿ ಅದುಮಿ), ಮೇಲೆ ಒಳಗಡೆ ಅಂಟು ಇರುವ ಸ್ಲೀವ್ ಬಿಸಿ ಮಾಡಿ ಬಿಗಿದೆವು. ಬೆಸುಗೆ ಹಾಕೋಣ ಎಂದು ನಾನು ಹೇಳಿದ್ದೆ. ಬೆಸುಗೆ ಹಾಕಿದಲ್ಲಿ ಎಳೆವೈರು ಕಡ್ಡಿಯಂತಾಗಿ, ಗಾಡಿಯ ಅದುರಿಗೆ ಅದರ ಅಂಚಿನಲ್ಲೇ ಮುರಿಯುತ್ತದೆ ಎಂದು ಹುಡುಗ ಒಪ್ಪಲಿಲ್ಲ. ನಮ್ಮ ರಸ್ತೆಗಳನ್ನು ನೆನೆದು ಸುಮ್ಮನಾದೆ. ಲೈಟರ್ ಸಾಕೆಟ್ ಕಸದ ಬುಟ್ಟಿಗೆ ಹೋಯಿತು, ಅದರ ಜಾಗಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುವ ಆಂಡರ್ಸನ್ ಕನೆಕ್ಟರ್. ಕೊನೆಗೆ ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ.

ಬ್ಯಾಟರಿಯಲ್ಲಿ 12.4, ಫ್ರಿಜ್‌ನಲ್ಲಿ 12.2. ಮಟ್ಟ ಮರಳಿ ‘ಎಚ್’. ಬಿಕ್ಕಳಿಕೆ ನಿಂತಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮೂರನೆಯ ದಿನ ಮತ್ತೆ ಎಫ್1. ಈ ಸಲ ಬಿಕ್ಕಳಿಕೆ ಇಲ್ಲ, ಪೂರ್ತಿ ಮೌನ. ಅಳೆದರೆ ಬ್ಯಾಟರಿ ನಿಜವಾಗಿಯೇ ಇಳಿದಿತ್ತು. ವೈರಿನ ದೋಷದ ಹಿಂದೆ ಇನ್ನೊಂದು ದೋಷ ಅಡಗಿ ಕೂತಿತ್ತು. ಫ್ರಿಜ್ ಬಿಕ್ಕಳಿಸುತ್ತಾ ಅರ್ಧಂಬರ್ಧ ಓಡುತ್ತಿದ್ದಷ್ಟು ದಿನ ಬ್ಯಾಟರಿ ಹೆಚ್ಚು ಖಾಲಿಯಾಗುತ್ತಿರಲಿಲ್ಲ; ಈಗ ಅದು ಹೊಟ್ಟೆ ತುಂಬ ಉಣ್ಣತೊಡಗಿದ ಮೇಲೆ ಕಣಜದಲ್ಲಿ ಎಷ್ಟಿದೆ ಎಂಬುದು ಬಯಲಾಯಿತು.

ಕಣಜದ ಲೆಕ್ಕ ಹಾಕಿದೆ. ಕಂಪ್ರೆಸರ್ ಗಂಟೆಗೆ ಇಪ್ಪತ್ತೈದು ನಿಮಿಷ ಓಡುತ್ತಿತ್ತು, ದಿನಕ್ಕೆ ಸುಮಾರು 45 ಎಎಚ್ ಖರ್ಚು. ಆದಾಯ? ಬೇಸಿಗೆಯಲ್ಲಿ ಮಧ್ಯಾಹ್ನ 8 ಆಂಪಿಯರ್ ಕೊಡುತ್ತಿದ್ದ ಸೌರಫಲಕ ಪುನರ್ವಸು ಮಳೆಯ ಮೋಡದಡಿ ಮುಕ್ಕಾಲು ಆಂಪಿಯರ್ ಕೊಡುತ್ತಿತ್ತು. ಇನ್ನು ಉಳಿದದ್ದು ಎಂಜಿನ್‌ನ ಆಲ್ಟರ್ನೇಟರ್, ಗ್ಯಾರೇಜಿನವರ ಬಾಯಲ್ಲಿ ಡೈನಮೊ. ಎಂಜಿನ್ ಚಾಲೂ ಮಾಡಿ ಅಳೆದರೆ ಎಂಜಿನ್‌ನ ಬ್ಯಾಟರಿಯಲ್ಲಿ 14.1, ಫ್ರಿಜ್‌ನ ಬ್ಯಾಟರಿಯಲ್ಲಿ 13.1. ಎರಡರ ನಡುವೆ ಒಂದು ರಿಲೇ (ಎಂಜಿನ್ ಓಡುವಾಗ ಎರಡನ್ನೂ ಜೋಡಿಸುವ ಸ್ವಿಚ್), ಅದೇ ಕೈಯ ಅದೇ ಬಗೆಯ ಸಣ್ಣ ವೈರ್, ಬಾಡಿಗೆ ಬಿಗಿದ ಇನ್ನೊಂದು ಬೋಲ್ಟ್. ಹೋಗುತ್ತಿದ್ದದ್ದು 6 ಆಂಪಿಯರ್. (ಇದನ್ನು ಅಳೆಯಲು ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು. ನನ್ನ ಬಳಿ ಇದ್ದ ಅಗ್ಗದ್ದು ಎಸಿ ಮಾತ್ರ ಅಳೆಯುತ್ತದೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಡೀಸೆಲ್ ಸುಟ್ಟಿತ್ತು.) ದಿನಕ್ಕೆ ಎರಡು ಗಂಟೆ ಓಡಿಸಿದರೆ 12 ಎಎಚ್. ಸೌರಫಲಕದ ಎಂಟನ್ನು ಸೇರಿಸಿದರೆ ಸಂಬಳ ಇಪ್ಪತ್ತು, ಖರ್ಚು ನಲವತ್ತೈದು. ಯಾವ ಬ್ಯಾಟರಿ ತಂದಿಟ್ಟರೂ ಸಾಲ ತೀರುವುದಿಲ್ಲ.

ರಿಲೇ ತೆಗೆದು 20 ಆಂಪಿಯರ್‌ನ ಡಿಸಿ–ಡಿಸಿ ಚಾರ್ಜರ್ ಹಾಕಿದೆ. ಮುಂದಿನಿಂದ ಬರುವ ವೋಲ್ಟೇಜ್ ಸ್ವಲ್ಪ ಇಳಿದಿದ್ದರೂ ಅದು ತಾನೇ ಏರಿಸಿ ಬ್ಯಾಟರಿಗೆ ಬೇಕಾದಷ್ಟು ಕೊಡುತ್ತದೆ. ವೈರು 10 ಚದರ ಮಿ.ಮೀ., ಎರಡೂ ಬ್ಯಾಟರಿಗಳಲ್ಲಿ ಚಾರ್ಜ್ ಇರುವುದರಿಂದ ಎರಡೂ ತುದಿಗಳಲ್ಲಿ ಫ್ಯೂಸ್. ಎಂಜಿನ್ ನಿಂತಾಗ ಚಾರ್ಜರ್ ಕೂಡ ನಿಲ್ಲುವಂತೆ ಕೀಲಿಯಿಂದ ಒಂದು ಸಣ್ಣ ಸೂಚನಾ ವೈರ್. ಇದರ ಬೆಲೆ ಹೇಳಿದರೆ ಅಪ್ಪ ಇನ್ಸುಲಿನ್ನೇ ಬೇಡ ಎನ್ನಬಹುದು, ಹಾಗಾಗಿ ಹೇಳಿಲ್ಲ.

ಖರ್ಚನ್ನೂ ಇಳಿಸಬೇಕಿತ್ತು. ಫ್ರಿಜ್ ಕೂರಿಸಿದ್ದ ಮರದ ಪೆಟ್ಟಿಗೆಗೆ ಗಾಳಿಯಾಡಲು ಒಂದೇ ಒಂದು ಕಿಂಡಿ, ಅದರಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಒಳಗಿನ ಶಾಖವನ್ನು ಹೊರಹಾಕುವುದೇ ಫ್ರಿಜ್‌ನ ಕೆಲಸ. ಹೊರಹಾಕಿದ ಶಾಖ ಪೆಟ್ಟಿಗೆಯಲ್ಲೇ ಉಳಿದರೆ ಅದನ್ನೇ ಮತ್ತೆ ಮತ್ತೆ ಎತ್ತಿ ಹಾಕುತ್ತಿರುತ್ತದೆ. ಗೂಡು ಒಡೆದು, ಕೆಳಗೊಂದು ಮೇಲೊಂದು ಅಗಲ ಕಿಂಡಿ ಕೊರೆದು ಜಾಲರಿ ಬಡಿದೆ. ಕಂಪ್ರೆಸರ್‌ನ ಓಟ ಗಂಟೆಗೆ ಹದಿನಾರು ನಿಮಿಷಕ್ಕೆ ಇಳಿಯಿತು. ಇಡೀ ದುರಸ್ತಿಯಲ್ಲಿ ಕಾಸು ಖರ್ಚಾಗದೆ ಆದದ್ದು ಇದೊಂದೇ.

ಪರೀಕ್ಷೆಗೆ ಆಗುಂಬೆಗಿಂತ ಕಠಿಣ ಜಾಗ ಎಲ್ಲಿದೆ? ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಊರು. ಪುಷ್ಯ ಮಳೆಯಲ್ಲಿ ಅಲ್ಲಿನ ನೆಂಟರ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಮೊದಲ ರಾತ್ರಿ ಒಂಬತ್ತಕ್ಕೆ, ಕಂಪ್ರೆಸರ್ ನಿಂತಿದ್ದಾಗ, 12.7. ಬೆಳಿಗ್ಗೆ ಆರಕ್ಕೆ 12.5. ಇಡೀ ದಿನ ಕದಲಲಿಲ್ಲ, ಸೌರಫಲಕದಿಂದ ಮಧ್ಯಾಹ್ನ ಬಂದದ್ದು ಅರ್ಧ ಆಂಪಿಯರ್. ಮರುದಿನ ಬೆಳಿಗ್ಗೆ 12.3. ಇನ್ಸುಲಿನ್ ಇದ್ದ ಡಬ್ಬಿಯ ಪಕ್ಕದ ಥರ್ಮಾಮೀಟರ್ ಎರಡೂ ದಿನ 4 ಮತ್ತು 6ರ ನಡುವೆಯೇ ಇತ್ತು. ಎರಡು ಗಂಟೆ ಓಡಿಸಿ ಮನೆ ಸೇರುವಷ್ಟರಲ್ಲಿ ಬ್ಯಾಟರಿ ಬಹುಪಾಲು ತುಂಬಿಕೊಂಡಿತ್ತು. ಸೀಸದ ಬ್ಯಾಟರಿ ಕೊನೆಯ ಭಾಗವನ್ನು ತುಂಬಿಕೊಳ್ಳಲು ಬಹಳ ಸತಾಯಿಸುತ್ತದೆ, ಅದನ್ನು ಮನೆಯ ಚಾರ್ಜರ್ ರಾತ್ರಿಯಿಡೀ ಕೂತು ಮುಗಿಸಿತು.

ಇನ್ನು ಹಳೆಯ ಟ್ಯೂಬ್ಯುಲರ್ ಬ್ಯಾಟರಿ. ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದಾಗ (ಅಂಕಿ ಏರಿದಷ್ಟೂ ಚಾರ್ಜ್ ಹೆಚ್ಚು) ಐದು ಸೆಲ್‌ಗಳು 1.220ರ ಆಸುಪಾಸು, ಒಂದು ಮಾತ್ರ 1.150. ಡಿಸ್ಟಿಲ್ಡ್ ವಾಟರ್ ತುಂಬಿ, ಗಾಳಿಯಾಡುವ ಕೊಟ್ಟಿಗೆಯ ತುದಿಯಲ್ಲಿಟ್ಟು (ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಬೀಡಿ ಸೇದುವವರನ್ನು ದೂರವಿಡಬೇಕು) 5 ಆಂಪಿಯರ್‌ನಲ್ಲಿ ಎರಡು ದಿನ ನಿಧಾನವಾಗಿ ಚಾರ್ಜ್ ಮಾಡಿದೆ. ಐದು ಸೆಲ್‌ಗಳು 1.240ಕ್ಕೆ ಏರಿದವು. ಆರನೆಯದು 1.190ರಲ್ಲಿ ಕೂತಿತು, ಮೇಲೇಳಲಿಲ್ಲ. ಶೃಂಗೇರಿಗೆ ಹೊರಟ ದಿನ ಅದು ಹೀಗಿರಲಿಲ್ಲ ಎಂಬುದು ನನಗೆ ಗೊತ್ತು. ಫ್ರಿಜ್ ಅನ್ನು ಇನ್ನು ಅದು ಹೊರಲಾರದು. ಕೊನೆಕೊಯ್ಲು ಶುರುವಾದ ಮೇಲೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಎರಡು ಎಲ್‌ಇಡಿ ದೀಪ ಉರಿಸಲು ಇಟ್ಟುಕೊಂಡಿದ್ದೇನೆ.